ತಾಯಿಯ ಕೈಗಡ

ಬಸುರಿ ಹೆಣ್ಣುಮಗಳಿಗೆ ಸೂಜಿ ಮಾಡಿಸುವ ಮಾತು ಬಂದಾಗ ನಮ್ಮ ನಂದೇಶ್ವರದ ಕಡೆ ಹಿರಿಯರು ಕೇಳುವ ಮಾತೊಂದಿದೆ: "ಅಕಿಗೇನೂ ಬ್ಯಾನಿ ಇಲ್ಲ, ಜ್ವರ ಇಲ್ಲ. ಛಲೋ ಇದ್ದಾಕಿಗೆ ಸೂಜಿ ಯಾಕ?" ಇದನ್ನು ಕೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಯಾಕಂದ್ರ ಆ ಮಾತಿನೊಳಗೆ ಬಹಳ ಹಳೆಯದೊಂದು ಧರ್ಮದ ಪ್ರಶ್ನೆ ಕೂತಿದೆ. ಒಬ್ಬರ ಮೈ ನೋಯಿಸಿ ಇನ್ನೊಬ್ಬರ ಜೀವ ಕಾಯುವುದಾದರೆ, ಆ ನೋವು ತಗೋ ಅಂತ ಹೇಳುವ ಹಕ್ಕು ಯಾರಿಗಿದೆ? ತಗೊಳ್ಳುವ ಭಾರ ಯಾರ ಮೇಲಿದೆ?

"ಮಾಡಿದ್ದುಣ್ಣೋ ಮಹರಾಯ" ಅಂತ ನಾವೆಲ್ಲ ಆಡಿಕೊಳ್ಳುತ್ತೇವೆ. ದೊಡ್ಡವರ ಬಾಳಿಗೆ ಈ ಗಾದೆ ಸರಿಯಾಗಿ ಕೂಡುತ್ತದೆ. ಆದರೆ ಇವತ್ತು ಹುಟ್ಟಿದ ಕೂಸು ಏನು ಮಾಡಿದೆ, ಏನನ್ನು ಉಣ್ಣಬೇಕು? ಅದು ಇನ್ನೂ ಏನೂ ಮಾಡಿಲ್ಲ. ಅದಕ್ಕೆ ಸಿಗುವುದೆಲ್ಲ ಬೇರೆಯವರು ಮಾಡಿಟ್ಟದ್ದು, ಸಿಗದೆ ಇರುವುದೆಲ್ಲ ಬೇರೆಯವರು ಮಾಡದೆ ಬಿಟ್ಟದ್ದು. ಹಾಗಾಗಿ ಕೂಸಿನ ಆರೋಗ್ಯದ ಲೆಕ್ಕ ಕೂಸಿನಿಂದ ಶುರುವಾಗುವುದಿಲ್ಲ. ಅದಕ್ಕಿಂತ ಹಿಂದಕ್ಕೆ ಹೋಗಬೇಕು.

ಮೊದಲು ವಿಷಯವೇನು ಅನ್ನೋದನ್ನು ನೋಡೋಣ. ದನ ಕಟ್ಟಿದವರಿಗೆ ಇದು ಬೇಗ ತಿಳಿಯುತ್ತದೆ. ಆಕಳು ಈದ ಮೇಲೆ ಗಿಣ್ಣದ ಹಾಲನ್ನು ಕರುವಿಗೆ ಆದಷ್ಟು ಬೇಗ ಕುಡಿಸಬೇಕು ಅಂತ ನಮ್ಮ ಹಿರಿಯರು ಬಲ್ಲರು. ಗಿಣ್ಣ ಕುಡಿಯದ ಕರು ಭೇದಿ ಹತ್ತಿ ಸಾಯುವುದನ್ನೂ ಕಂಡಿದ್ದಾರೆ. ಕಾರಣ ಇಷ್ಟು. ರೋಗದ ಗುರುತು ಹಿಡಿದು ಅದನ್ನು ತಡೆಯುವ ಕಣಗಳು ನಮ್ಮ ರಕ್ತದಲ್ಲಿ ಇರುತ್ತವೆ. ಪುಸ್ತಕದಲ್ಲಿ ಅವಕ್ಕೆ ಪ್ರತಿಕಾಯ ಅಂತಾರೆ. ನಾವು ಕಾವಲುಗಾರರು ಅಂದುಕೊಂಡರೂ ನಡೆದೀತು. ಆಕಳ ಹೊಟ್ಟೆಯಲ್ಲಿರುವಾಗ ಕರುವಿಗೆ ಈ ಕಾವಲುಗಾರರು ದಾಟಿ ಬರುವುದಿಲ್ಲ. ಕರು ಬರಿಗೈಯಲ್ಲೇ ಹುಟ್ಟುತ್ತದೆ. ಮೊದಲ ದಿನದ ಗಿಣ್ಣದಿಂದಲೇ ಅದು ಅವನ್ನು ಪಡೆಯಬೇಕು. ಒಂದು ದಿನ ಕಳೆದರೆ ಕರುವಿನ ಕರುಳು ಅವನ್ನು ಹಾಗೇ ಹೀರಿಕೊಳ್ಳುವ ಶಕ್ತಿ ಕಳಕೊಳ್ಳುತ್ತದೆ.

ಮನುಷ್ಯರ ಕೂಸಿನ ದಾರಿ ಬೇರೆ. ತಾಯಿಯ ರಕ್ತದಲ್ಲಿನ ಕಾವಲುಗಾರರು ಮಾಸನ್ನು ದಾಟಿ ಕೂಸಿನ ರಕ್ತಕ್ಕೆ ಬರುತ್ತಾರೆ. ಅದರಲ್ಲೂ ಬಹುಪಾಲು ಬರುವುದು ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬಿ ಹುಟ್ಟಿದ ಕೂಸಿನ ಮೈಯಲ್ಲಿ ಇವು ತಾಯಿಯಲ್ಲಿರುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಇರುತ್ತವೆ. ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸಿಗೆ ಪಾಲು ಕಡಿಮೆ. ಹುಟ್ಟಿದ ಮೇಲೆ ತಾಯಿಯ ಮೊದಲ ಹಳದಿ ಹಾಲು ಇನ್ನೊಂದು ಬಗೆಯ ಕಾವಲು ಕೊಡುತ್ತದೆ. ಅದು ಕೂಸಿನ ಗಂಟಲು, ಕರುಳುಗಳ ಬಾಗಿಲು ಕಾಯುತ್ತದೆ. ಆಕಳ ಗಿಣ್ಣವನ್ನು ಕರುವಿಗೆ ತಪ್ಪದೆ ಕುಡಿಸುವ ಕೆಲವು ಮನೆಗಳಲ್ಲೇ ಬಾಣಂತಿಯ ಮೊದಲ ಹಾಲನ್ನು "ಕೆಟ್ಟ ಹಾಲು" ಅಂತ ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಬೆಲ್ಲದ ನೀರು ಹಾಕುವುದುಂಟು. ಕರುವಿಗೆ ಇರುವ ನ್ಯಾಯ ಕೂಸಿಗೂ ಇರಲಿ.

ತಾಯಿಯಿಂದ ಕೂಸಿಗೆ ಈ ಕಾವಲು ದಾಟುತ್ತದೆ ಅನ್ನೋದನ್ನು ಪ್ರಯೋಗ ಮಾಡಿ ತೋರಿಸಿದವನು ಜರ್ಮನಿಯ ಪೌಲ್ ಎರ್ಲಿಖ್, 1892ರಲ್ಲಿ. ಅವನು ಬಳಸಿದ ಎರಡು ವಿಷಗಳು ನಮ್ಮ ಹೊಲದ ಬದುವಿನಲ್ಲೇ ಸಿಗುವಂಥವು: ಒಂದು ಔಡಲ ಬೀಜದ್ದು, ಇನ್ನೊಂದು ಅಕ್ಕಸಾಲಿಗರು ತೂಕಕ್ಕೆ ಇಡುತ್ತಿದ್ದ ಗುಲಗಂಜಿಯದ್ದು. ಇಲಿಗಳಿಗೆ ಆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ರೂಢಿ ಮಾಡಿಸಿದ. ಆಮೇಲೆ ದೊಡ್ಡ ಪ್ರಮಾಣವನ್ನೂ ಅವು ತಡಕೊಂಡವು. ಅಂಥ ತಾಯಿ ಇಲಿಯ ಮರಿಗಳೂ ಕೆಲವು ಕಾಲ ವಿಷ ತಡಕೊಂಡವು. ಇನ್ನೂ ಒಂದು ಕೆಲಸ ಮಾಡಿದ: ಬೇರೆ ಇಲಿಯ ಮರಿಗಳನ್ನು ತಂದು ಈ ತಾಯಿಯ ಮೊಲೆಗೆ ಹಚ್ಚಿದ. ಹಾಲಿನಿಂದಲೂ ಅವಕ್ಕೆ ರಕ್ಷಣೆ ಬಂತು. ತಂದೆ ಇಲಿಗೆ ಮಾತ್ರ ರೂಢಿ ಮಾಡಿಸಿ ನೋಡಿದ. ಮರಿಗಳಿಗೆ ಏನೂ ಬರಲಿಲ್ಲ. ತಾಯಿಯಿಂದ ಬಂದದ್ದೂ ಬಹಳ ದಿನ ಉಳಿಯಲಿಲ್ಲ, ಮೊಮ್ಮಕ್ಕಳಿಗೆ ಮುಟ್ಟಲಿಲ್ಲ. ಈ ಮೂರು ಸಂಗತಿಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು: ತಾಯಿ ಕೊಡಬಲ್ಲಳು, ತಂದೆಯ ಮೈ ಕೊಡಲಾರದು, ಕೊಟ್ಟದ್ದು ಕೆಲವೇ ದಿನದ್ದು. ಮುಂದೆ ನಾನು ಹೇಳುವ ಧರ್ಮವಿಚಾರವೆಲ್ಲ ಈ ಮೂರರ ಮೇಲೆ ನಿಂತಿದೆ.

ಈಗ ನಮ್ಮ ಮನೆಯ ಮಾತು. ನಾನು ಹುಟ್ಟುವ ಮೊದಲು ನಮ್ಮ ಅವ್ವನಿಗೆ ಒಂದು ಗಂಡು ಕೂಸು ಆಗಿತ್ತು. ಕುಡಗೋಲಿನಿಂದ ಹೊಕ್ಕಳಬಳ್ಳಿ ಕೊಯ್ದು, ಗಾಯಕ್ಕೆ ಕುಳ್ಳಿನ ಬೂದಿ ಹಚ್ಚಿದ್ದರು. ಆಗ ಎಲ್ಲ ಮನೆಗಳಲ್ಲೂ ಅದೇ ರೂಢಿ. ಆರು ದಿನ ಕೂಸು ಚೆನ್ನಾಗಿ ಹಾಲು ಕುಡಿಯಿತು. ಏಳನೇ ದಿನ ಬಾಯಿ ತೆರೆಯಲಿಲ್ಲ. ಮುಟ್ಟಿದರೆ ಮೈ ಬಿಲ್ಲಿನ ಹಾಗೆ ಸೆಟೆಯುತ್ತಿತ್ತಂತೆ. ಒಂಬತ್ತನೇ ದಿನ ಹೋಯಿತು. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕಿತ್ತು. ಅದಕ್ಕೆ ಹೆಸರೇ ಇಲ್ಲ. ಅವ್ವ ಅದನ್ನು ಕೊನೆತನಕ "ಆ ಕೂಸು" ಅಂತಲೇ ಕರೆದಳು. "ಸಟವಿ ಹಂಗ ಬರದಿದ್ಲಪಾ, ಯಾರ ಏನ ಮಾಡಾಕ ಬರ್ತದ?" ಅನ್ನುತ್ತಿದ್ದಳು.

ಸಟವಿ ಬಂದು ಹಣೆಬರಹ ಬರೆಯುವ ಹೊತ್ತಿಗೂ ಧನುರ್ವಾಯು ತಲೆ ಎತ್ತುವ ಹೊತ್ತಿಗೂ ಒಂದೆರಡು ದಿನದ ಅಂತರ. ಹೊಕ್ಕಳಿನ ಗಾಯದಿಂದ ಒಳಹೊಕ್ಕ ರೋಗ ಸಾಮಾನ್ಯವಾಗಿ ಮೂರರಿಂದ ಹದಿನಾಲ್ಕು ದಿನದೊಳಗೆ ಕಾಣಿಸುತ್ತದೆ. ಹಾಗಾಗಿ ಐದು, ಆರನೇ ದಿನದ ಪೂಜೆ ಮುಗಿದ ಮೇಲೆ ಹೋದ ಕೂಸುಗಳನ್ನು ಕಂಡ ಜನ ಅದನ್ನು ದೇವಿಯ ಬರಹ ಅಂದುಕೊಂಡರೆ ಆಶ್ಚರ್ಯವಿಲ್ಲ. ಆ ನಂಬಿಕೆಯನ್ನು ನಾನು ಹೀಯಾಳಿಸುವುದಿಲ್ಲ. ಹೆತ್ತ ಹೊಟ್ಟೆಗೆ ಸಮಾಧಾನ ಹೇಳಲು ಆಗ ಅದೊಂದೇ ಇತ್ತು. ಸೂಲಗಿತ್ತಿಯನ್ನೂ ದೂರುವುದಿಲ್ಲ. ತನಗೆ ಹಿರಿಯರು ಕಲಿಸಿದ್ದನ್ನೇ ಆಕೆ ಮಾಡಿದಳು, ಎಷ್ಟೋ ಮಕ್ಕಳನ್ನು ಜೀವಂತ ಕೈಗಿತ್ತಳು. ಆದರೆ ಒಂದು ಮಾತು ಹೇಳಲೇಬೇಕು. ಬರಹವನ್ನು ಬರೆದ ಲೇಖಣಿಕೆ ಯಾವುದು ಅಂತ ಗೊತ್ತಾದ ಮೇಲೆ, ಅದು ಮಣ್ಣು ಸಗಣಿಯಲ್ಲಿ ಇರುವ ಒಂದು ಸೂಕ್ಷ್ಮಜೀವಿ ಅಂತ ತಿಳಿದ ಮೇಲೆ, ಹಣೆಬರಹ ಅನ್ನುವ ಮಾತಿನ ಹಿಂದೆ ಅಡಗಿ ಕೂಡುವುದು ಧರ್ಮವಾಗುವುದಿಲ್ಲ. ತಿಳಿಯದಿದ್ದಾಗ ವಿಧಿ; ತಿಳಿದ ಮೇಲೆ ಹೊಣೆ.

ತಿಳಿದದ್ದು ಬಹಳ ಹಿಂದೇನಲ್ಲ. ಗರ್ಭಿಣಿಗೆ ಧನುರ್ವಾಯು ಲಸಿಕೆ ಕೊಟ್ಟರೆ ಕೂಸು ಉಳಿಯುತ್ತದೆ ಅನ್ನೋದನ್ನು 1961ರಲ್ಲಿ ನ್ಯೂಗಿನಿಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ ತೋರಿಸಿತು. ಆದರೂ 1988ರಲ್ಲಿ ಜಗತ್ತಿನಲ್ಲಿ ಸುಮಾರು 7,87,000 ಹಸುಗೂಸುಗಳು ಈ ಒಂದೇ ರೋಗದಿಂದ ಸತ್ತವು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ನಮ್ಮ ದೇಶದ ಪಾಲು ದೊಡ್ಡದಿತ್ತು. 1985ರಿಂದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ನಡೆಯಿತು. ಬಸುರಿಯರಿಗೆ ಸೂಜಿ, ದವಾಖಾನೆಯಲ್ಲಿ ಹೆರಿಗೆ, ಸ್ವಚ್ಛ ಕೈ, ಸ್ವಚ್ಛ ಬ್ಲೇಡು, ಹೊಕ್ಕಳಿಗೆ ಏನೂ ಹಚ್ಚದೆ ಇರುವುದು, ಇವೆಲ್ಲ ಸೇರಿ 2015ರ ಹೊತ್ತಿಗೆ ಭಾರತದ ಪ್ರತಿ ಜಿಲ್ಲೆಯಲ್ಲೂ ಹುಟ್ಟುವ 1000 ಕೂಸಿಗೆ ಒಂದಕ್ಕಿಂತ ಕಡಿಮೆ ಧನುರ್ವಾಯು ಅನ್ನುವ ಮಟ್ಟಕ್ಕೆ ಬಂತು. ಈಗ ಕೊಡುವ ಟಿಡಿ ಲಸಿಕೆಯಲ್ಲಿ ಧನುರ್ವಾಯುವಿನ ಜೊತೆ ಗಂಟಲಮಾರಿಯ ತಡೆಯೂ ಸೇರಿದೆ. ಬಸುರಾದದ್ದು ತಿಳಿದ ಕೂಡಲೆ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಮೂರು ವರ್ಷದೊಳಗಿನ ಹಿಂದಿನ ಬಸುರಿನಲ್ಲಿ ಎರಡೂ ಆಗಿದ್ದರೆ ಒಂದೇ ಸಾಕು.

ಇಲ್ಲಿ ಒಬ್ಬ ಓದುಗ ಕೇಳಬಹುದು: "ರೋಗ ಕಡಿಮಿ ಆತಲ್ಲ, ಇನ್ನ ಯಾಕ?" ಈ ಪ್ರಶ್ನೆಗೆ ಸಿಡುಬಿನ ಉದಾಹರಣೆ ನೋಡಿ. ನಮ್ಮ ಹಿರಿಯರ ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುರುತು ಇನ್ನೂ ಇದೆ; ಮೊಮ್ಮಕ್ಕಳ ತೋಳಿನ ಮೇಲೆ ಇಲ್ಲ. ಸಿಡುಬಿಗೆ ಮನುಷ್ಯನ ಮೈ ಬಿಟ್ಟರೆ ಬೇರೆ ಮನೆಯೇ ಇರಲಿಲ್ಲ. ಎಲ್ಲರೂ ಬಾಗಿಲು ಹಾಕಿದಾಗ ಅದು ಜಗತ್ತಿನಿಂದಲೇ ಹೋಯಿತು, ಲಸಿಕೆಯೂ ನಿಂತಿತು. ಧನುರ್ವಾಯು ಹಾಗಲ್ಲ. ಅದರ ಮನೆ ಮಣ್ಣು. ನಮ್ಮ ಬಿಳಿಜೋಳ ಬೆಳೆಯುವ ಇದೇ ಕರಿಮಣ್ಣಿನಲ್ಲಿ, ಕೊಟ್ಟಿಗೆಯ ಸಗಣಿಯಲ್ಲಿ ಅದು ಇದೆ, ನಾಳೆಯೂ ಇರುತ್ತದೆ. ಮಣ್ಣನ್ನು ಯಾರೂ ತೊಳೆದು ಮುಗಿಸಲಾರರು. ಆದ್ದರಿಂದ ಈ ಕೆಲಸಕ್ಕೆ ಮುಕ್ತಾಯವಿಲ್ಲ. ಪ್ರತಿ ತಾಯಿ, ಪ್ರತಿ ತಲೆಮಾರು ಹೊಸದಾಗಿ ಮಾಡಬೇಕು. ಒಂದು ಸಲ ಮಾಡಿ ಕೈ ತೊಳಕೊಳ್ಳುವ ಒಳ್ಳೆಯತನ ಒಂದು ಬಗೆ; ದಿನಾ ಕಸ ಗುಡಿಸಿದ ಹಾಗೆ ಮಾಡುತ್ತಲೇ ಇರಬೇಕಾದ ಒಳ್ಳೆಯತನ ಇನ್ನೊಂದು ಬಗೆ. ಮೊದಲನೆಯದಕ್ಕೆ ಕೀರ್ತಿ ಸಿಗುತ್ತದೆ. ಎರಡನೆಯದನ್ನು ಯಾರೂ ಗಮನಿಸುವುದಿಲ್ಲ, ಅದು ನಿಂತಾಗ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ಭೇದವಿದೆ. ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಊರಿನ ಎಲ್ಲರೂ ಸೂಜಿ ತಗೊಂಡು ಒಬ್ಬ ತಾಯಿ ಬಿಟ್ಟರೆ, ಊರಿನವರ ಸೂಜಿ ಅವಳ ಕೂಸನ್ನು ಕಾಯುವುದಿಲ್ಲ. ಆ ಕಾವಲನ್ನು ಅವಳ ಮೈ ಮಾತ್ರ ಕೊಡಬಲ್ಲದು. ರುಬೆಲ್ಲಾ ಇದಕ್ಕೆ ತಿರುಗು. ಅದು ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗುಳ್ಳೆ. ಮಕ್ಕಳಿಗೆ ಬಂದರೆ ಮೂರು ದಿನದಲ್ಲಿ ಆಡಲು ಹೋಗುತ್ತವೆ. ಆದರೆ ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ಅಂಟಿದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಇದನ್ನು ಜಗತ್ತಿಗೆ ಹೇಳಿದ. ಕಣ್ಣಿನ ಪೊರೆ ಇದ್ದ ಕೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರ ಮಾತಿಗೆ ಅವನು ಕಿವಿಗೊಟ್ಟದ್ದರಿಂದ ಅದು ತಿಳಿಯಿತು. ಈ ಲಸಿಕೆಯನ್ನು ಬಸುರಿನಲ್ಲಿ ಕೊಡಬಾರದು, ಅದಕ್ಕೂ ಮೊದಲೇ ಆಗಿರಬೇಕು.

ಗಡಿಯ ಆಚೆ ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ, ನಮ್ಮ ಮಹಾರಾಷ್ಟ್ರದಲ್ಲಿ 2018ರ ನವೆಂಬರಿನಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ದಡಾರ (ನಾವು ಗೋವರ ಅಂತೀವಿ) ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾಯಿತು. ಶಾಲೆಗಳಲ್ಲೇ ಸೂಜಿ ಹಾಕಿದರು. ಆಗ ಪಾಲಕರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು: "ಗುರುಗಳ, ರುಬೆಲ್ಲಾ ಬಸರ ಹೆಂಗಸರಿಗೆ ಅಪಾಯ ಅಂತೀರಿ. ಹಂಗಾದ್ರ ನಮ್ಮ ಹುಡಗನಿಗೆ ಯಾಕ? ಅಂವ ಏನ ಹಡೀತಾನ?" ಎಲ್ಲರೂ ನಕ್ಕರು. ಆದರೆ ಉತ್ತರ ಯೋಚಿಸಬೇಕಾದ್ದು. ಆ ಹುಡುಗನ ಪಕ್ಕದ ಮನೆಯಲ್ಲಿ ಒಬ್ಬ ಬಸುರಿ ಇರುತ್ತಾಳೆ. ಶಾಲೆಯಲ್ಲಿ ಅವನ ಬಾಯಿ ಇರಬಹುದು. ಅವನು ಜ್ವರ ಹೊತ್ತು ಹೋಗಿ ಅವರ ಎದುರು ಕೆಮ್ಮಿದರೆ, ಇನ್ನೂ ಹುಟ್ಟದ, ಅವನು ಎಂದೂ ನೋಡದ ಒಂದು ಕೂಸು ಕುರುಡಾಗಬಹುದು. ತನ್ನ ರಕ್ತಸಂಬಂಧವಿಲ್ಲದ ಆ ಕೂಸಿಗಾಗಿ ಅವನು ತೋಳು ಚಾಚುತ್ತಾನೆ. ಇದಕ್ಕೆ ನಾನು ತಾಯಿತನ ಅಂತಲೇ ಹೆಸರಿಡುತ್ತೇನೆ. ಹೆರುವುದು ಒಬ್ಬಳ ಕೆಲಸ. ಕಾಯುವುದರಲ್ಲಿ ಇಡೀ ಊರಿಗೆ ಪಾಲಿದೆ. ಹೀಗೆ ಎರಡು ಬಗೆಯ ಹೊಣೆ ಕಾಣುತ್ತದೆ: ತಾಯಿಯೇ ಕೊಡಬೇಕಾದ್ದು, ಮತ್ತು ಎಲ್ಲರೂ ಸೇರಿ ಕೊಡಬೇಕಾದ್ದು. ಎರಡನೆಯದನ್ನು ಕೊಡದವರಿಗೆ ಮೊದಲನೆಯದನ್ನು ತಾಯಿಯಿಂದ ಕೇಳುವ ಬಾಯಿ ಇರುವುದಿಲ್ಲ.

ಈಗ ಕಠಿಣ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಲಾಭವಿದೆ ಅಂದಮೇಲೆ ತಾಯಿಯನ್ನು ಕೇಳುವುದೇನು, ಎಳಕೊಂಡು ಹೋಗಿ ಸೂಜಿ ಹಾಕಿಸಿದರಾಯಿತು ಅನ್ನುವವರಿದ್ದಾರೆ. ನಮ್ಮ ಹಳೆಯ ಮಾತಿನಲ್ಲಿ ಹೆಣ್ಣನ್ನು ಹೊಲಕ್ಕೆ, ಗಂಡನ್ನು ಬೀಜಕ್ಕೆ ಹೋಲಿಸುತ್ತಾರೆ. ಹೊಲವನ್ನು ಯಾರೂ ಕೇಳುವುದಿಲ್ಲ. ಒಡೆಯ ನೇಗಿಲು ಹೂಡುತ್ತಾನೆ, ಗೊಬ್ಬರ ಹಾಕುತ್ತಾನೆ. ಸೂಜಿಯನ್ನೂ ಹೊಲಕ್ಕೆ ಹಾಕುವ ಗೊಬ್ಬರದಂತೆ ನೋಡಿದರೆ ನಾವು ಒಂದು ಒಳ್ಳೆಯ ಕೆಲಸವನ್ನು ಕೆಟ್ಟ ಮನಸ್ಸಿನಿಂದ ಮಾಡಿದ ಹಾಗೆ. ಆಕೆಗೆ ತನ್ನ ಜೀವವೂ ಒಂದಿದೆ. ಧನುರ್ವಾಯು ಬಾಣಂತಿಯನ್ನೂ ಕೊಲ್ಲುತ್ತದೆ. ಟಿಡಿ ಮೊದಲು ಕಾಯುವುದು ಅವಳನ್ನೇ. ಫ್ಲೂ ಜ್ವರ ಬಸುರಿಯರಿಗೆ ಉಳಿದವರಿಗಿಂತ ಹೆಚ್ಚು ಅಪಾಯ. ಬಾಂಗ್ಲಾದೇಶದಲ್ಲಿ 340 ಗರ್ಭಿಣಿಯರ ಮೇಲೆ ಮಾಡಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಯಿಗೆ ಫ್ಲೂ ಲಸಿಕೆ ಕೊಟ್ಟಾಗ ಕೂಸುಗಳಲ್ಲಿ ಖಚಿತವಾದ ಫ್ಲೂ 63 ಪ್ರತಿಶತ ಕಡಿಮೆಯಾಯಿತು. ತಾಯಂದಿರಲ್ಲೂ ಜ್ವರ ಕೆಮ್ಮು ಕಡಿಮೆಯಾಯಿತು. ಅಂದರೆ ಕೂಸಿಗಾಗಿ ತಾಯಿಯನ್ನು ಬಲಿಕೊಡುವ ಮಾತು ಇಲ್ಲಿಲ್ಲ. ಇಬ್ಬರದೂ ಒಂದೇ ದಾರಿ.

ಆದರೂ ಕೇಳಲೇಬೇಕು, ತಿಳಿಸಿ ಹೇಳಲೇಬೇಕು. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಜನರನ್ನು ಹಿಡಿದು ಆಪರೇಷನ್ ಮಾಡಿಸಿದ ನೆನಪು ನಮ್ಮ ಹಿರಿಯರಿಗೆ ಇನ್ನೂ ಇದೆ. "ಈ ಸೂಜಿಯಿಂದ ಮಕ್ಕಳಾಗೂದಿಲ್ಲ" ಅನ್ನುವ ಗಾಳಿಮಾತು ಸುಮ್ಮನೆ ಗಾಳಿಯಲ್ಲಿ ಹುಟ್ಟಿಲ್ಲ. ಬಲವಂತದ ನೆನಪಿನಲ್ಲಿ ಹುಟ್ಟಿದೆ. ಅದು ಸುಳ್ಳು ಅಂತ ಹೇಳಬೇಕು, ಆದರೆ ಹೇಳುವವರ ದನಿಯಲ್ಲಿ ಸಿಟ್ಟಿರಬಾರದು. ಕೋವಿಡ್ ಕಾಲದಲ್ಲಿ ಇದರ ಇನ್ನೊಂದು ಮಗ್ಗಲನ್ನು ಕಂಡೆವು. 2021ರ ಜನವರಿಯಲ್ಲಿ ಲಸಿಕೆ ಶುರುವಾದಾಗ ಗರ್ಭಿಣಿಯರನ್ನು ಹೊರಗಿಟ್ಟರು. ಜುಲೈನಲ್ಲಿ, ತಿಳಿದುಕೊಂಡು ಬೇಕಾದರೆ ತಗೊಳ್ಳಬಹುದು ಅಂತ ಅನುಮತಿ ಬಂತು. ಹಿಡಿದು ಹಾಕಿಸುವುದು ಹೇಗೆ ಅವಳ ಪರವಾಗಿ ಬೇರೆಯವರು ಮಾಡಿದ ತೀರ್ಮಾನವೋ, ಕಾಪಾಡುತ್ತೇವೆ ಅಂತ ಹೊರಗಿಡುವುದೂ ಹಾಗೇ. ಕೊನೆಗೆ ಬಂದ "ತಿಳಿಸಿ, ಅವಳೇ ಆರಿಸಲಿ" ಅನ್ನುವ ದಾರಿಯೇ ಸರಿಯಾದದ್ದು.

ಒತ್ತಾಯಕ್ಕಿಂತ ಉದಾಹರಣೆ ಬಲವಾದದ್ದು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರು ರಾಣಿಯರ ಚಿತ್ರವೊಂದಿದೆ. ಅದರಲ್ಲಿ ಚಿಕ್ಕ ವಯಸ್ಸಿನ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳಿನ ಕಡೆ ಬೆರಳು ತೋರಿಸುತ್ತಿದ್ದಾಳೆ ಅಂತ ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ. ಆಗ ಈ ದೇಶಕ್ಕೆ ಆ ಲಸಿಕೆ ಬಂದು ಮೂರೇ ವರ್ಷ. "ಹಾಕಿಸಿಕೊಳ್ಳಿ" ಅನ್ನುವ ಡಂಗುರಕ್ಕಿಂತ "ನಾನು ಹಾಕಿಸಿಕೊಂಡೆ" ಅನ್ನುವ ಒಂದು ತೋಳು ಹೆಚ್ಚು ಮಾತಾಡುತ್ತದೆ. ನಮ್ಮ ಊರಲ್ಲಿ ಹೊಸ ಸೊಸೆಗೆ ಆ ತೋಳು ಅತ್ತೆಯದಾಗಬಹುದು.

ಎರ್ಲಿಖ್ ಕಂಡ ಮೂರನೇ ಸಂಗತಿ ನೆನಪಿದೆಯೇ? ಕೊಟ್ಟದ್ದು ಬಹಳ ದಿನ ಉಳಿಯುವುದಿಲ್ಲ. ತಾಯಿ ಕೊಟ್ಟ ಕಾವಲು ಮೂರು ವಾರಕ್ಕೆ ಸುಮಾರು ಅರ್ಧ ಆಗುತ್ತದೆ, ಇನ್ನು ಮೂರು ವಾರಕ್ಕೆ ಅದರ ಅರ್ಧ. ಹೀಗೆ ಕರಗುತ್ತಾ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಇದು ತಲೆತಲಾಂತರಕ್ಕೆ ಉಳಿಯುವ ಹೊಲಮನೆಯ ಆಸ್ತಿಯಲ್ಲ. ಬೀಜ ಬಿತ್ತುವ ಹೊತ್ತಿಗೆ ನೆರೆಯವರಿಂದ ತಂದ ಕೈಗಡ ಇದ್ದ ಹಾಗೆ. ಕೈಗಡದ ಕೆಲಸ ನಮ್ಮನ್ನು ಶ್ರೀಮಂತ ಮಾಡುವುದಲ್ಲ, ನಮ್ಮ ಬೆಳೆ ಕೈಗೆ ಬರುವ ತನಕ ದಾಟಿಸುವುದು. ಅದಕ್ಕೇ ಕೂಸಿಗೆ ಆರನೇ ವಾರ, ಹತ್ತನೇ ವಾರ, ಹದಿನಾಲ್ಕನೇ ವಾರ ಅದರದೇ ಸೂಜಿಗಳು ಶುರುವಾಗುತ್ತವೆ. "ತಾಯಿಗೆ ಆಗೇದಲ್ಲ, ಕೂಸಿಗೆ ಯಾಕ?" ಅನ್ನುವವರು ಕೈಗಡವನ್ನೇ ಆಸ್ತಿ ಅಂದುಕೊಂಡವರು.

ಇನ್ನೂ ಒಂದು ಸೂಕ್ಷ್ಮವಿದೆ, ನಮ್ಮ ಮಾಸ್ತರ ಮಂದಿಗೆ ಅದು ಹಿಡಿಸೀತು. ದಡಾರದ ಲಸಿಕೆಯನ್ನು ಹುಟ್ಟಿದ ಕೂಡಲೆ ಯಾಕೆ ಕೊಡುವುದಿಲ್ಲ, ಒಂಬತ್ತು ತಿಂಗಳು ಯಾಕೆ ಕಾಯುತ್ತಾರೆ? ತಾಯಿಯ ಕಾವಲುಗಾರರು ಕೂಸಿನ ಮೈಯಲ್ಲಿ ಇನ್ನೂ ಬಲವಾಗಿದ್ದರೆ, ಅವರು ಲಸಿಕೆಯನ್ನೂ ಹೊರಗಿನವನೆಂದು ಹೊಡೆದು ಓಡಿಸುತ್ತಾರೆ. ಕೂಸಿನ ಮೈ ಕಲಿಯುವುದೇ ಇಲ್ಲ. ತಾಯಿಯ ರಕ್ಷಣೆ ಸ್ವಲ್ಪ ಹಿಂದೆ ಸರಿದಾಗ ಮಾತ್ರ ಮಗುವಿನ ಮೈ ತನ್ನ ಪಾಠ ಕಲಿಯುತ್ತದೆ. ಮಗನ ಪಾಟಿಯ ಮೇಲೆ ತಾನೇ ಲೆಕ್ಕ ಬಿಡಿಸಿ ಕೊಡುವ ಪಾಲಕರನ್ನು ನಾವು ನೋಡಿದ್ದೇವೆ. ಪ್ರೀತಿ ಎಷ್ಟು ದಿನ ಕೊಡಬೇಕು, ಯಾವಾಗ ಸರಿದು ನಿಲ್ಲಬೇಕು ಅನ್ನುವ ಅಳತೆ ರಕ್ತಕ್ಕೆ ಗೊತ್ತಿದೆ, ನಮಗೆ ಕಲಿಯಬೇಕಾಗಿದೆ.

ಇಷ್ಟು ಹೇಳಿ ತಾಯಿಯ ಗುಣಗಾನ ಮಾಡಿ ಮುಗಿಸಿದರೆ ನಾನು ಅರ್ಧ ಮಾತು ಹೇಳಿದ ಹಾಗೆ. ಮಂಗಳವೇಡೆ, ಜತ್ತ ಭಾಗದ ಮಳೆ ಕಡಿಮೆಯ ಊರುಗಳಿಂದ ದೀಪಾವಳಿ ಹೊತ್ತಿಗೆ ಎಷ್ಟೋ ಸಂಸಾರಗಳು ಕಬ್ಬು ಕಡಿಯಲು ಟೋಳಿ ಕಟ್ಟಿಕೊಂಡು ಹೋಗುತ್ತವೆ. ಮುಕ್ಕಾದಮನಿಂದ ಉಚಲ ತಗೊಂಡ ಜೋಡಿ ಅಂದರೆ ಗಂಡ ಹೆಂಡತಿ ಇಬ್ಬರೂ. ಹೆಂಡತಿ ಬಸುರಾದರೂ ಮೋಳಿಗೆ ಹೊರಬೇಕು. ಮೊದಲ ಸೂಜಿ ಊರಲ್ಲಿ ಆಗಿರುತ್ತದೆ, ಎರಡನೆಯದರ ಹೊತ್ತಿಗೆ ಅವಳು ಯಾವ ಫ್ಯಾಕ್ಟರಿಯ ಯಾವ ಫಡದಲ್ಲಿ ಇದ್ದಾಳೋ. ಭಾರ ಹೊತ್ತು, ಅರೆಹೊಟ್ಟೆ ಉಂಡು ತಿಂಗಳು ತುಂಬುವ ಮುಂಚೆ ಹೆತ್ತರೆ, ಕೊನೆಯ ವಾರಗಳಲ್ಲಿ ದಾಟಿ ಬರಬೇಕಿದ್ದ ಕಾವಲು ಆ ಕೂಸಿಗೆ ಬರುವುದೇ ಇಲ್ಲ. ಸೂಜಿ ಒಂದೇ ಸಾಲದು. ಅದರ ಹಿಂದೆ ವಿಶ್ರಾಂತಿ, ಅನ್ನ, ಮನೆಯವರ ಬೆಂಬಲ ಬೇಕು. ಅಂಥ ತಾಯಿಯ ಕೂಸಿಗೆ ಏನಾದರೂ ಆದರೆ "ಅಕಿಗೆ ಕಾಳಜಿ ಇಲ್ಲ" ಅನ್ನುವುದು ನಾವು ಆಡಬಹುದಾದ ಅತಿ ಕ್ರೂರ ಮಾತು. ಕೊಡಲು ಅವಳ ಕೈಯಲ್ಲಿ ನಾವು ಏನಿಟ್ಟಿದ್ದೆವು ಅಂತ ಮೊದಲು ಕೇಳಿಕೊಳ್ಳಬೇಕು.

ತಂದೆಯ ಮಾತು ಉಳಿಯಿತು. ಅವನ ಮೈಯಿಂದ ಕೂಸಿಗೆ ಕಾವಲು ದಾಟುವುದಿಲ್ಲ ಅಂತ ಇಲಿಗಳು ತೋರಿಸಿವೆ. ಹಾಗಾದರೆ ಅವನ ಪಾಲು ಅವನ ಕೈಕಾಲಿನಿಂದ ಬರಬೇಕು. ಸೂಜಿಯ ದಿನ ಅವಳ ಪಗಾರ ತಪ್ಪಿದರೆ ಅದನ್ನು ತಾನು ತುಂಬುವುದು, ಗಾಡಿಯ ಮೇಲೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು, ಫಡಕ್ಕೆ ಹೋಗುವಾಗ ತಾಯಿ ಕಾರ್ಡನ್ನು ಬಟ್ಟೆಯ ಗಂಟಿನಲ್ಲಿ ಇಟ್ಟುಕೊಳ್ಳುವುದು, ಅಲ್ಲಿನ ಆಶಾತಾಯಿಯನ್ನು ಹುಡುಕಿ ತೋರಿಸುವುದು. ಆ ಕಾರ್ಡು ಮರಾಠಿಯಲ್ಲಿದೆ. ನಮ್ಮ ಎಷ್ಟೋ ಸೊಸೆಯಂದಿರು ಇಂಡಿ, ಚಡಚಣದ ಕಡೆಯಿಂದ ಬಂದವರು, ಕನ್ನಡ ಮಾತ್ರ ಓದಬಲ್ಲವರು. ತಾರೀಖು ಯಾವುದು, ಯಾವ ಸೂಜಿ ಅಂತ ಅವರಿಗೆ ಓದಿ ಹೇಳುವುದು ನಮ್ಮ ವಾಚನಾಲಯದಲ್ಲಿ ಕೂಡುವ ನಮಗೆ ಹತ್ತು ನಿಮಿಷದ ಕೆಲಸ.

ಹತ್ತನೇ ವರ್ಷಕ್ಕೊಂದು, ಹದಿನಾರನೇ ವರ್ಷಕ್ಕೊಂದು ಟಿಡಿ ಸೂಜಿ ಎಲ್ಲ ಮಕ್ಕಳಿಗೂ ಇದೆ. ಐದನೇ ಇಯತ್ತೆಯಲ್ಲಿ ಕೂತ ಹುಡುಗಿ ಇವತ್ತು ಮುಖ ಕಿವುಚಿ ತೋಳು ಚಾಚುವಾಗ ಅದು ಮೊದಲು ಅವಳದೇ ಆರೋಗ್ಯಕ್ಕೆ. ಮದುವೆ, ಮಕ್ಕಳು ಅನ್ನುವುದೆಲ್ಲ ಅವಳು ದೊಡ್ಡವಳಾಗಿ ಆರಿಸಿಕೊಳ್ಳುವ ಮಾತು. ಆದರೆ ಮುಂದೊಂದು ದಿನ ಅವಳು ತಾಯಿಯಾದರೆ, ಕೊಡಲು ಅವಳ ಹತ್ತಿರ ಏನಾದರೂ ಇರುತ್ತದೆ. ಕೈಗಡ ಕೊಡುವವರ ಕೈ ಮೊದಲು ತುಂಬಿರಬೇಕು. ಅದನ್ನು ತುಂಬಿಸುವ ಕೆಲಸ ಈಗಿನದು, ನಮ್ಮೆಲ್ಲರದು.